ಟ್ರ್ಯಾಕ್ಟರ್ ಮೇಲೊಂದು ಕುಣಿಮಗ್ಗ

ನವೆಂಬರ್ ಬಂತೆಂದರೆ ನನ್ನ ಕನ್ನಡವನ್ನು ಹೊಗಳುವವರು ಹೆಚ್ಚಾಗುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ನಾನು ಬಾಗಲಕೋಟೆಯ ನವನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಮಕ್ಕಳು ಆಕಳಿಸುತ್ತಾರೆ. ಪಾಲಕರು ಬಂದು ಇಂಗ್ಲಿಷ್ ಮಾಸ್ತರ ಎಲ್ಲಿದ್ದಾರೆ ಎಂದು ನನ್ನನ್ನೇ ಕೇಳುತ್ತಾರೆ. ನವೆಂಬರಿನಲ್ಲಿ ಮಾತ್ರ ನಾನೊಂದು ಸೋಜಿಗ. ವೇದಿಕೆ ಹತ್ತಿ ಸ್ವಾಗತ ಭಾಷಣ ಮಾಡಿ ಇಳಿದರೆ ಸಾಕು, ಶಾಲು ಹೊದ್ದ ಯಾರಾದರೊಬ್ಬರು ಕೈ ಹಿಡಿದುಕೊಂಡು, "ನಿಮ್ಮವರಾಗಿ ಎಷ್ಟು ಸ್ವಚ್ಛ ಮಾತಾಡ್ತೀರಿ!" ಎನ್ನುತ್ತಾರೆ. ನನ್ನವರು ಯಾರು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಅಜ್ಜ, ಅವನ ಅಜ್ಜ, ಎಲ್ಲರೂ ಇಳಕಲ್ಲಿನ ಮಣ್ಣಿನಲ್ಲೇ ಮಲಗಿದ್ದಾರೆ. ನಮ್ಮ ಮನೆಯಲ್ಲಿ ಮುದ್ದು ಮಾಡುವುದು ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ. ಹಾಗಾಗಿ ಕನ್ನಡದ ರೂಢಿಯೇ ನಮಗೆ ಹೆಚ್ಚು.

ಇಷ್ಟು ಹೇಳಿದ್ದಕ್ಕೆ ನನಗೆ ನಾಡಿನ ಹೆಮ್ಮೆ ಇಲ್ಲವೆಂದು ತಿಳಿಯಬೇಡಿ. ಬೇಕಾದುದಕ್ಕಿಂತ ಹೆಚ್ಚೇ ಇದೆ. ಬೆಂಗಳೂರಿಗೆ ಹೋದಾಗ ಯಾರಾದರೂ "ಯಾವ ಊರು ಸಾರ್?" ಎಂದರೆ, "ಇಳಕಲ್" ಎಂದು ಹೇಳಿ, ಅವರು "ಓ, ಸೀರೆ!" ಎನ್ನುವವರೆಗೆ ಅಲ್ಲೇ ನಿಂತಿರುತ್ತೇನೆ. ಅನ್ನದಿದ್ದರೆ ಆವತ್ತಿನ ಊಟ ರುಚಿಸುವುದಿಲ್ಲ. ನಮ್ಮ ಊರಿನ ಕೆಂಪು ಕಲ್ಲು ದೇಶವಿದೇಶದ ದೊಡ್ಡ ಕಟ್ಟಡಗಳಲ್ಲಿದೆ ಎಂದೂ ಹೇಳಿಕೊಳ್ಳುತ್ತೇನೆ. ಕಟ್ಟಡದ ಯಾವ ಕೋಣೆಯ ನೆಲಕ್ಕೆ ಹಾಸಿದ್ದಾರೆ ಎಂದು ಮಾತ್ರ ಯಾರೂ ಕೇಳಬಾರದು.

ನಮ್ಮ ಜಿಲ್ಲೆಯಲ್ಲಿ ಹೆಮ್ಮೆಗೆ ಒಂದೊಂದು ಊರಲ್ಲಿ ಒಂದೊಂದು ತಳಿ ಇದೆ. ನಮ್ಮ ಹೆಡ್‌ಮಾಸ್ತರರು ಬಾದಾಮಿಯವರು. ಓದು ಬರಹದ ಮನೆತನ, ಒಳ್ಳೆಯ ಮನುಷ್ಯ, ಸಿಟ್ಟು ಬಂದರೂ ಮಾತಿನ ಕೊನೆಯ 'ರಿ' ಬಿಡುವವರಲ್ಲ. ಆದರೆ ಚಾಲುಕ್ಯರ ಸುದ್ದಿ ಬಂದರೆ, ಆ ಅರಮನೆಯ ಹಿರಿಯ ಸೊಸೆಯ ತವರಿನ ಕಡೆಯವರಂತೆ ಮಾತಾಡುತ್ತಾರೆ. ಶಾಲೆಯ ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ದೂರಿದರೆ, "ಚಾಲುಕ್ಯರು ಆ ಕಾಲಕ್ಕನ ಅಷ್ಟು ದೊಡ್ಡ ಹೊಂಡ ಕಟ್ಟಿಸಿದ್ರು, ನೋಡ್ರಿ" ಎನ್ನುತ್ತಾರೆ. ನಲ್ಲಿ ಮಾತ್ರ ಹಾಗೆಯೇ ಉಳಿಯುತ್ತದೆ.

ಪಿ.ಟಿ. ಮಾಸ್ತರ ಹುನಗುಂದದವನು. ಹೊರಗಿನವರಿಗೆ ತೋರಿಸಲು ಗುಹೆಯೂ ಇಲ್ಲ, ಸೀರೆಯೂ ಇಲ್ಲ ಎಂಬ ಸಂಕಟದಿಂದ ಅವನ ಹೆಮ್ಮೆ ನಮ್ಮೆಲ್ಲರದಕ್ಕಿಂತ ದೊಡ್ಡದಾಗಿ ಬೆಳೆದಿದೆ. ಇಳಕಲ್ ಬೇರೆ ತಾಲೂಕಾದದ್ದನ್ನು ಅವನು ಒಡಹುಟ್ಟಿದ ತಮ್ಮ ಪಾಲು ಕೇಳಿದಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. "ಸೀರಿಗೆ ಹೆಸರ ಬಂದಾಗ ಇಳಕಲ್ಲ ನಮ್ಮ ತಾಲೂಕನ್ಯಾಗಿತ್ತು. ಖರೇ ಅಂದ್ರ ಅದು ಹುನಗುಂದ ಸೀರಿ" ಎಂದು ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗಲೆಲ್ಲ ಹೇಳುತ್ತಾನೆ.

ಇನ್ನು ಬಾಗಲಕೋಟೆಯವರು. ಹಳೆಯ ಊರಿನ ಎಷ್ಟೋ ಭಾಗ ಅಣೆಕಟ್ಟಿನ ಹಿನ್ನೀರಿಗೆ ಹೋಗಿದೆಯಾದ್ದರಿಂದ ಅದರ ಬಗ್ಗೆ ಅವರು ಏನು ಹೇಳಿದರೂ ನಂಬಲೇಬೇಕು. ನೀರಿನಡಿಯಲ್ಲಿ ಆ ಮನೆಗಳಿಗೆ ವರ್ಷಕ್ಕೊಂದು ಅಂತಸ್ತು ಏರುತ್ತಲೇ ಇದೆ. ಹಳೆಯ ಊರಿನಲ್ಲಿ ಓಣಿಗೊಂದು ಹೆಸರಿತ್ತು. ನವನಗರದಲ್ಲಿ ಸೆಕ್ಟರಿಗೊಂದು ನಂಬರಿದೆ. ನಂಬರಿನ ಮೇಲೆ ಎಷ್ಟು ಹೆಮ್ಮೆಪಟ್ಟಾರು? ಅದಕ್ಕೇ ಪ್ರತಿ ಸೆಕ್ಟರಿನವರೂ ತಮ್ಮ ರಸ್ತೆಗೆ ತಮಗೆ ಬೇಕಾದಷ್ಟು ಎತ್ತರದ ಹಂಪ್ ಹಾಕಿಸಿಕೊಂಡಿದ್ದಾರೆ. ಈ ಹಂಪುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ಹೋದ ವರ್ಷದ ರಾಜ್ಯೋತ್ಸವಕ್ಕೆ ಪ್ರತಿ ಶಾಲೆಯಿಂದ ಒಂದು ಸ್ತಬ್ಧಚಿತ್ರ ಬರಬೇಕೆಂದು ಮೆರವಣಿಗೆಯ ಸಮಿತಿಯವರು ಹೇಳಿ ಕಳಿಸಿದರು. ಹೆಡ್‌ಮಾಸ್ತರರು ಆವತ್ತೇ ಸಂಜೆ ನಮ್ಮನ್ನೆಲ್ಲ ಕೂಡಿಸಿದರು. ಅವರ ತಲೆಯಲ್ಲಿ ಚಿತ್ರ ಆಗಲೇ ತಯಾರಾಗಿತ್ತು.

"ಟ್ರಾಲಿ ಮ್ಯಾಲೆ ಮುಂದ ಬಾದಾಮಿ ಗುಹಾ, ಹಿಂದ ಇಳಕಲ್ಲ ಮಗ್ಗ. ಗುಹಾ ಥರ್ಮಾಕೋಲಿಂದು. ಮಗ್ಗ ಮಾತ್ರ ಖರೇದು ಬೇಕು. ಅದರಾಗ ಖರೇ ನೇಕಾರರು ಕೂತು ನೇಯಬೇಕು. ಜೀವಂತ ಸಂಸ್ಕೃತಿ ಅಂದ್ರ ಅದು."

"ಹುನಗುಂದದ್ದು ಏನ್ರಿ ಸರ್?" ಪಿ.ಟಿ. ಮಾಸ್ತರ ಕೇಳಿದ.

"ನೀವ ಅದೀರಲ್ಲ. ಮೈಕ್ ಹಿಡೀರಿ."

ಎಲ್ಲರೂ ನನ್ನ ಕಡೆ ನೋಡಿದರು. ಇಳಕಲ್ಲಿನವನು ನಾನೊಬ್ಬನೇ. ನಾನು ಹೇಳಬೇಕಾದ ಮಾತನ್ನು ಹೇಳಿದೆ. "ಸರ್, ನಮ್ಮ ಕೈಮಗ್ಗ ಅಂದ್ರ ಕುಣಿಮಗ್ಗರಿ. ಮನಿ ನೆಲದಾಗ ಕುಣಿ ತೋಡಿರ್ತಾರ. ನೇಯಾಕಿ ನೆಲದ ಮ್ಯಾಲ ಕೂತು ಕಾಲು ಕುಣ್ಯಾಗ ಬಿಟ್ಟಿರ್ತಾಳ. ತುಳಿಯೋ ಹಲಗಿ ಕೆಳಗ ಇರತಾವು. ಮಗ್ಗ ಬಿಚ್ಚಿ ತರಬಹುದು. ಕುಣಿ ಹೆಂಗ ತರೋದ್ರಿ?"

ಹೆಡ್‌ಮಾಸ್ತರರು ನಿಧಾನವಾಗಿ ಹೇಳಿದರು: "ಮಾಸ್ತರ, ಚಾಲುಕ್ಯರು ಗುಡ್ಡಾ ಕಡದು ಗುಡಿ ಮಾಡಿದ್ರು. ನಮಗ ಒಂದು ಕುಣಿ ಸಾಗಸ್ಲಿಕ್ಕೆ ಆಗೂದಿಲ್ಲ ಅಂದ್ರ ಹೆಂಗ್ರಿ?"

ಚಾಲುಕ್ಯರು ಗುಡ್ಡವನ್ನು ಇದ್ದಲ್ಲೇ ಬಿಟ್ಟು ಕಡಿದರು, ಹೊತ್ತುಕೊಂಡು ಮೆರವಣಿಗೆ ಹೋಗಲಿಲ್ಲ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಪಿ.ಟಿ. ಮಾಸ್ತರ, "ಟ್ರಾಲಿ ತಳಾ ಕೊರದ್ರ ಆತಲ್ರಿ!" ಎಂದ. ಎಲ್ಲರ ಮುಖವೂ ಅರಳಿತು. ಟ್ರಾಲಿಯ ಮೇಲೆ ಎತ್ತರದ ಕಟ್ಟೆ ಕಟ್ಟಿದರೆ ಸುಲಭವಲ್ಲವೇ ಎಂದು ನಾನು ಕೇಳಿ ನೋಡಿದೆ. ಮಗ್ಗ ಎತ್ತರವಾದರೆ ಗುಹೆ ಅದಕ್ಕಿಂತ ಎತ್ತರವಾಗಬೇಕು, ಗುಹೆ ಎತ್ತರವಾದರೆ ಕರೆಂಟಿನ ತಂತಿ ತಾಗುತ್ತದೆ, ಗುಹೆಯನ್ನು ಸಣ್ಣದು ಮಾಡುವ ಮಾತೇ ಇಲ್ಲ ಎಂದರು ಹೆಡ್‌ಮಾಸ್ತರರು. ಬಾದಾಮಿ ಇಳಕಲ್ಲಿಗಿಂತ ಗೇಣು ಮೇಲಿರಬೇಕು ಎನ್ನುವುದು ಅದರ ಅರ್ಥ.

ನಮ್ಮ ಪಾಲಕರೊಬ್ಬರು ಟ್ರಾಲಿ ಕೊಡಲು ಒಪ್ಪಿದರು. ಹಬ್ಬ ಮುಗಿದ ಮೇಲೆ ತಳವನ್ನು ಮತ್ತೆ ವೆಲ್ಡಿಂಗ್ ಮಾಡಿಸಿಕೊಡಬೇಕು ಮತ್ತು ಟ್ರಾಲಿಯ ಎರಡೂ ಬದಿಗೆ ತಮ್ಮ ಹೆಸರು ಬರೆಸಬೇಕು ಎಂಬುದಷ್ಟೇ ಅವರ ಕರಾರು. ತಳ ಕೊರೆದಾಯಿತು. ಕೆಳಗೆ ಕಾಲು ಇಳಿಬಿಡಲು ದಪ್ಪ ತಗಡಿನ ಒಂದು ಡಬ್ಬಿಯನ್ನು ಬೆಸೆದಾಯಿತು. ದೇಶದಲ್ಲಿ ಕುಣಿಗೆ ಗಾಲಿ ಬಂದದ್ದು ಅದೇ ಮೊದಲಿರಬೇಕು.

ನೇಕಾರರು ಯಾರು ಎಂಬುದು ಉಳಿಯಿತು. ನಾನು ಇಳಕಲ್ಲಿಗೆ ಹೋಗಿ ನನ್ನ ಖಾಲಾಳನ್ನು, ಅಂದರೆ ತಾಯಿಯ ತಂಗಿಯನ್ನು ಕೇಳಿದೆ.

ಖಾಲಾಳನ್ನು ಮೂಲೆಯಲ್ಲಿ ಕೂತ ಬಡಪಾಯಿ ನೇಕಾರ ಹೆಂಗಸು ಎಂದು ಊಹಿಸಿಕೊಂಡು ಯಾರಾದರೂ ಕಣ್ಣೊರೆಸಿಕೊಳ್ಳುವ ಸಿದ್ಧತೆಯಲ್ಲಿದ್ದರೆ, ಬೇಡ. ಅವಳಷ್ಟು ಜಂಬದ ಹೆಂಗಸು ನಮ್ಮ ಓಣಿಯಲ್ಲಿ ಇನ್ನೊಬ್ಬಳಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವಳ ಸೆರಗನ್ನು ಕೇಳದೆ ಎತ್ತಿ ತಿರುವಿ ನೋಡಿ, "ಮಷೀನಂದು" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಾಳೆ. ಚಿಕ್ಕವಳಿದ್ದಾಗ ಕುಣಿಯಲ್ಲಿ ಬಿಟ್ಟ ಕಾಲು, ಕೂದಲು ಬೆಳ್ಳಗಾದರೂ ಮೇಲೆತ್ತಿಲ್ಲ. ಅವಳ ಗಂಡ ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಾನೆ, ಅದರಲ್ಲೂ ಬೈಸಿಕೊಳ್ಳುತ್ತಾನೆ.

ನಾನು ಎಲ್ಲವನ್ನೂ ವಿವರಿಸಿದೆ. ಟ್ರಾಲಿಗೆ ಕುಣಿ ತೋಡಿದ್ದನ್ನು ಕೇಳಿ ಅವಳು ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ ಲಾಳಿ ಕೆಳಗಿಟ್ಟು, ಕನ್ನಡಕ್ಕೆ ಹೊರಳಿದಳು. ಖಾಲಾ ನನ್ನೊಂದಿಗೆ ಕನ್ನಡಕ್ಕೆ ಹೊರಳಿದರೆ ವ್ಯವಹಾರ ಶುರುವಾಯಿತೆಂದೇ ಲೆಕ್ಕ.

"ಬರ್ತೇನಿ. ಆದ್ರ ಬೋರ್ಡ್ ಮ್ಯಾಲ ನನ್ನ ಹೆಸರ ಬರಸಬೇಕು."

"ಬರಸೋಣು ಖಾಲಾ."

"ಸಣ್ಣದಲ್ಲ. ದೂರ ನಿಂತಾವರಿಗೆ ಓದಾಕ ಬರಬೇಕು. ಇಷ್ಟ ವರ್ಷ ನೇಯ್ದೇನಿ, ಸೀರಿ ಮ್ಯಾಲ ಅಂಗಡಿ ಚೀಟಿ, ಚೀಲದ ಮ್ಯಾಲ ಅಂಗಡಿ ಹೆಸರ. ಹುಬ್ಬಳ್ಳ್ಯಾಗ ನಾ ನೇಯ್ದ ಸೀರಿ ಗಾಜಿನೊಳಗ ಗೊಂಬಿಗೆ ಉಡಸಿದ್ರು. ನನ್ನ ಕೈಯಿಂದು ನನಗ ಗುರ್ತ ಸಿಗಂಗಿಲ್ಲೇನು? ಗೊಂಬಿ ಕಾಲ ಹತ್ತಿರ ಗೊಂಬಿ ಮಾಡಿದ ಕಂಪನಿ ಹೆಸರಿತ್ತು. ನನ್ನ ಹೆಸರ ಎಲ್ಲೂ ಇರಲಿಲ್ಲ. ಒಂದ ದಿನ, ಒಂದ ಹಲಗಿ ಮ್ಯಾಲ, ಊರ ಮಂದಿ ನನ್ನ ಹೆಸರ ಓದ್ಲಿ."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಜಂಬವಿರಲಿಲ್ಲ. ಖಂಡಿತ ಬರೆಸುತ್ತೇನೆ ಎಂದು ಮಾತು ಕೊಟ್ಟೆ. ಮಗ್ಗದ ಮೇಲಿದ್ದ ಸೀರೆಯನ್ನು ಅವಳು ಮುಗಿಸಿ ಇಳಿಸಿದಳು, ಹೊಸ ಸೀರೆಗೆ ಹಾಸುನೂಲು ಸುತ್ತಿದಳು, ಓಣಿಯ ಎಲ್ಲ ಮನೆಗೂ ಹೋಗಿ ತನ್ನ ಹೆಸರಿನ ಬೋರ್ಡು ಬರುತ್ತದೆಂದು ಹೇಳಿ ಬಂದಳು.

ಬೋರ್ಡು ಬರೆಸುವ ದಿನ ನಾನು ಅವಳ ಹೆಸರನ್ನು ಚೀಟಿಯಲ್ಲಿ ಬರೆದು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು. ಹೆಸರು ಬದಲಾಗಿರಲಿಲ್ಲ.

"ಹೆಸರು ಬ್ಯಾಡ ಅನಸ್ತದ ಮಾಸ್ತರ. ಒಬ್ಬರ ಹೆಸರು ಹಾಕಿದ್ರ ಉಳದ ನೇಕಾರರಿಗೆ ಬ್ಯಾಸರ ಆಗ್ತದ."

"ಟ್ರಾಲಿ ಮಾಲಕರ ಹೆಸರ ಹಾಕಿದ್ರ ಉಳದ ಟ್ರಾಲಿಯವರಿಗೆ ಬ್ಯಾಸರ ಆಗಂಗಿಲ್ಲೇನ್ರಿ?"

ಅವರು ನಕ್ಕರು. ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. ಅವರದು ಎಲ್ಲ ಕಡೆ ಮೆತ್ತೆ ಹಾಕಿದಂತಹ ಸಭ್ಯತೆ, ಎಲ್ಲಿ ಗುದ್ದಿದರೂ ಕೈ ಒಳಗೆ ಹೋಗುತ್ತದೆಯೇ ಹೊರತು ಏನೂ ತಾಗುವುದಿಲ್ಲ. ನಾನು ಅವರ ಇತಿಹಾಸದ ಮೋಹವನ್ನೇ ಹಿಡಿದೆ. ಐಹೊಳೆಯಲ್ಲಿ ಒಂದು ಪುರಾತನ ಗುಡಿಗೆ, ಯಾವುದೋ ಕಾಲದಲ್ಲಿ ಅದರೊಳಗೆ ವಾಸವಾಗಿದ್ದ ಒಬ್ಬ ಮುಸಲ್ಮಾನನ ಹೆಸರೇ ಉಳಿದಿದೆ. ಪ್ರತಿ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಹೆಡ್‌ಮಾಸ್ತರರೇ ಅದರ ಮುಂದೆ ನಿಂತು, ನಮ್ಮ ನಾಡಿನ ದೊಡ್ಡ ಮನಸ್ಸು ನೋಡಿರಿ ಎಂದು ಹೇಳುತ್ತಾರೆ.

"ಸರ್, ಗುಡ್ಯಾಗ ಸಂಸಾರ ಮಾಡಿದವಗ ಗುಡಿಗೇ ಅವನ ಹೆಸರ ಬಂತು. ನಮ್ಮ ಖಾಲಾ ಜೀವಮಾನ ಎಲ್ಲಾ ಮಗ್ಗದಾಗ ಕೂತಾಳ. ಒಂದು ಬೋರ್ಡಿಗೆ ಆಕಿ ಹೆಸರ ಯಾಕ ಬ್ಯಾಡ್ರಿ?"

"ಅದು ಇತಿಹಾಸ ಮಾಸ್ತರ," ಎಂದರು ಹೆಡ್‌ಮಾಸ್ತರರು ಬಹಳ ಪ್ರೀತಿಯಿಂದ. "ಇದು ಕಾರ್ಯಕ್ರಮ."

ಕೊನೆಗೆ ಬೋರ್ಡಿನ ಮೇಲೆ 'ಇಳಕಲ್ಲಿನ ಹೆಮ್ಮೆಯ ಕನ್ನಡತಿ' ಎಂದು ಬರೆಸಿದರು. ಅಕ್ಷರಗಳು ದೊಡ್ಡವೇ ಇದ್ದವು, ದೂರದಿಂದ ಓದಲು ಬರುತ್ತಿತ್ತು. ಕೆಳಗೆ ಶಾಲೆಯ ಹೆಸರು, ಹೆಡ್‌ಮಾಸ್ತರರ ಹೆಸರು, ಬ್ಯಾನರಿಗೆ ದುಡ್ಡು ಕೊಟ್ಟವರ ಹೆಸರು. ನಾನು ಖಾಲಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರುವುದು ಬೇಡ ಎಂದೂ ಹೇಳಿದೆ. "ಬಂದು ನಾನಾ ಕೇಳ್ತೇನಿ" ಎಂದು ಫೋನ್ ಇಟ್ಟಳು.

ರಾಜ್ಯೋತ್ಸವದ ಬೆಳಿಗ್ಗೆ ಖಾಲಾ ತಾನೇ ನೇಯ್ದ ಕೆಂಪು ಸೆರಗಿನ ಸೀರೆ ಉಟ್ಟು ಟ್ರಾಲಿಯ ಹತ್ತಿರ ಬಂದಳು. ಮಗ್ಗ ಹಿಂದಿನ ದಿನವೇ ಟೆಂಪೊದಲ್ಲಿ ಬಂದು ಜೋಡಣೆಯಾಗಿತ್ತು. ಹೆಡ್‌ಮಾಸ್ತರರು ಒಂದು ತಟ್ಟೆ ಹಿಡಿದು ಎದುರಾದರು. ಅದರಲ್ಲಿ ಹಸಿರು ಬಳೆ, ಮಲ್ಲಿಗೆ ದಂಡೆ, ನತ್ತು, ಕುಂಕುಮದ ಬಟ್ಟಲು.

"ಅಮ್ಮಾ, ಇಳಕಲ್ಲ ಸೀರಿ ಅಂದ್ರ ಮಂದಿ ಕಣ್ಣಾಗ ಒಂದು ಚಿತ್ರ ಇರ್ತದ. ಆ ಸಂಪ್ರದಾಯ ಕಾಣಬೇಕು ನೋಡ್ರಿ. ಬ್ಯಾರೆ ಏನಿಲ್ಲ."

ಖಾಲಾ ತಟ್ಟೆಯನ್ನು ಸಂತೆಯಲ್ಲಿ ಬದನೆಕಾಯಿ ಆರಿಸುವವಳಂತೆ ನೋಡಿದಳು. ಮಲ್ಲಿಗೆ ತೆಗೆದುಕೊಂಡಳು, ಮುಡಿದಳು. ಬಳೆ ತೆಗೆದುಕೊಂಡಳು, ಏರಿಸಿಕೊಂಡಳು. ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.

"ಹೂವ ಛಲೋ ಅದಾವು, ಬಳಿನೂ ಛಲೋ ಅದಾವು. ಹಣಿ ಬಿಡ್ರಿ ಸಾಹೇಬ್ರ. ಸೀರಿ ನಾ ನೇಯ್ದಿದ್ದು ಸಾಲದಂಗ, ಹಣಿನೂ ನಿಮ್ಮ ಡಿಜೈನ್ ಪ್ರಕಾರ ಇರಬೇಕೇನ್ರಿ?"

ಹೆಡ್‌ಮಾಸ್ತರರು ಬೆವರಿದರು. ಅವರಿಗೆ ಅವಳನ್ನು ನೋಯಿಸುವ ಮನಸ್ಸಿರಲಿಲ್ಲ ಎಂದು ನಾನು ಇವತ್ತಿಗೂ ನಂಬುತ್ತೇನೆ. ಅವರಿಗೆ ಬೇಕಾಗಿದ್ದುದು ಒಂದು ಚಿತ್ರ, ಎದುರಿಗೆ ಬಂದು ನಿಂತದ್ದು ಒಬ್ಬ ಹೆಂಗಸು. ಅಷ್ಟೇ ತೊಂದರೆ. ಖಾಲಾ ಅಷ್ಟಕ್ಕೆ ಬಿಡದೆ ಟ್ರಾಲಿಯನ್ನು ಒಂದು ಸುತ್ತು ಹಾಕಿ ಎಲ್ಲ ಬೋರ್ಡುಗಳನ್ನೂ ಅಕ್ಷರ ಕೂಡಿಸಿ ಓದಿದಳು.

"ನನ್ನ ಹೆಸರ ಎಲ್ಲೆ ಐತ್ರಿ?"

"ಕನ್ನಡತಿ ಅಂತ ಬರಸೀವಲ್ಲ ಅಮ್ಮಾ. ಅದಕ್ಕಿಂತ ದೊಡ್ಡ ಹೆಸರು ಯಾವುದದ ಹೇಳ್ರಿ?"

"ಹಂಗಾರ ಟ್ರಾಲಿ ಮಾಲಕರಿಗೂ ಕನ್ನಡಿಗ ಅಂತನ ಬರಸಬೇಕಿತ್ತಲ್ರಿ. ಅವರಿಗ್ಯಾಕ ಸಣ್ಣ ಹೆಸರ ಬರಸೀರಿ?"

ಹೆಡ್‌ಮಾಸ್ತರರು ಗಡಿಯಾರ ನೋಡಿಕೊಂಡು, ಮುಂದಿನ ಶಾಲೆಯ ಟ್ರ್ಯಾಕ್ಟರ್ ಆಗಲೇ ಹೊರಟಿದೆ ಎಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಡಿ ಖಾಲಾ, ಊರಿಗೆ ಹೋಗೂಣು. ಇವರ ಹೆಮ್ಮಿ ಇವರ ಹತ್ತಿರಾನ ಇರ್ಲಿ" ಎಂದೆ. ಅವಳು ನನ್ನ ಕಡೆ ತಿರುಗಿದಳು. "ನೀ ಹೋಗೋದಾದ್ರ ಹೋಗಲೇ. ಮಗ್ಗ ಬಿಚ್ಚಿ ತಂದೇನಿ. ನನಗಂತ ಕುಣಿ ಕೊರಸ್ಯಾರ. ನಾ ಯಾಕ ಹೋಗ್ಲಿ?" ಎನ್ನುತ್ತ ಸೀರೆ ಎತ್ತಿಕಟ್ಟಿ ಟ್ರಾಲಿ ಹತ್ತಿ, ತಗಡಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ನಾನು ಪಕ್ಕದಲ್ಲಿ ನಡೆಯತೊಡಗಿದೆ.

ಮೆರವಣಿಗೆ ಹೊರಟಿತು. ಪಿ.ಟಿ. ಮಾಸ್ತರ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಮೈಕ್ ಹಿಡಿದಿದ್ದ. ಮೈಕ್ ಕೈಗೆ ಬಂದರೆ ಅವನ ಹುನಗುಂದ ಎಲ್ಲಿ ಹೋಗುತ್ತದೋ, ಮೈಸೂರಿನ ಕಡೆಯ ಕನ್ನಡ ಬಂದುಬಿಡುತ್ತದೆ. "ಬರುತ್ತಿದ್ದಾಳೆ, ನೋಡಿ ನೋಡಿ, ನಮ್ಮ ಹೆಮ್ಮೆಯ ಕನ್ನಡತಿ ಬರುತ್ತಿದ್ದಾಳೆ!" ಎಂದು ಕೂಗುತ್ತಿದ್ದ. ಹಿಂದಿನ ವಾಹನದ ಡಿಜೆ ಸದ್ದಿನಲ್ಲಿ ಮಗ್ಗದ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಜನ ಮೊಬೈಲ್ ಎತ್ತಿ ಹಿಡಿದರು. ಹೆಚ್ಚಿನವರು ಗುಹೆಯ ಮುಂದೆ ಬೆನ್ನು ತಿರುಗಿಸಿ ನಿಂತು ತಮ್ಮದೇ ಫೋಟೊ ತೆಗೆದುಕೊಂಡರು. ಖಾಲಾ ಯಾರ ಕಡೆಯೂ ನೋಡದೆ ಲಾಳಿ ಎಸೆಯುತ್ತಿದ್ದಳು. ಅವಳ ತುಟಿ ಬಿಗಿದಿತ್ತು. ಅವಳು ಅಳುತ್ತಾಳೇನೋ ಎಂದು ನನಗೆ ಭಯವಾಯಿತು. ನನ್ನ ಖಾಲಾ ಅತ್ತದ್ದನ್ನು ನಾನು ಎಂದೂ ನೋಡಿಲ್ಲ, ಆವತ್ತು ಬಾಗಲಕೋಟೆಯ ರಸ್ತೆಯ ಮೇಲೆ ನೋಡುವುದು ಬೇಡವಾಗಿತ್ತು.

ಈಗ ಹಂಪ್. ದಾರಿಯ ಎಲ್ಲ ಹಂಪುಗಳನ್ನೂ ಡ್ರೈವರ್ ಹಿಂದಿನ ದಿನ ನೋಡಿಕೊಂಡು ಬಂದಿದ್ದ. ಎಲ್ಲಿ ಓರೆಯಾಗಿ ಹೋಗಬೇಕು, ಎಲ್ಲಿ ನಿಧಾನ, ಎಲ್ಲ ಲೆಕ್ಕ ಹಾಕಿದ್ದ. ಆದರೆ ಮುಖ್ಯ ವೇದಿಕೆಯ ಮುಂದೆ, ಅತಿಥಿಗಳೆದುರು ವಾಹನಗಳು ನಿಧಾನವಾಗಿ ಸಾಗಲೆಂದು, ಆ ಸೆಕ್ಟರಿನ ಉತ್ಸಾಹಿಗಳು ರಾತ್ರೋರಾತ್ರಿ ಹೊಸದೊಂದು ಹಂಪ್ ಹಾಕಿದ್ದರು. ಹಂಪ್ ಅಂದರೆ ನಮ್ಮದು ನೋಡಿ ಎನ್ನುವಷ್ಟು ಎತ್ತರ. ಡ್ರೈವರ್ ವೇದಿಕೆಯ ಕಡೆ ತಿರುಗಿ ಕೈಮುಗಿಯುತ್ತಿದ್ದ. ಟ್ರ್ಯಾಕ್ಟರ್ ದಾಟಿತು. ಟ್ರಾಲಿಯ ಮುಂಭಾಗವೂ ದಾಟಿತು. ಕುಣಿ ದಾಟಲಿಲ್ಲ.

ಕರ್ ಎಂದು ತಗಡು ಕೆರೆದ ಸದ್ದಿಗೆ ಡಿಜೆಯವನೂ ಗಾಬರಿಯಾಗಿ ಹಾಡು ನಿಲ್ಲಿಸಿದ. ಡಬ್ಬಿ ಮುದ್ದೆಯಾಗಿ ಹಂಪಿಗೆ ಸಿಕ್ಕಿಕೊಂಡಿತ್ತು. ಟ್ರಾಲಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಾದಾಮಿಯ ಗುಹೆ ಬುಡ ಕಿತ್ತುಕೊಂಡು ಪಿ.ಟಿ. ಮಾಸ್ತರನ ತಲೆಯ ಮೇಲೆ ಕೂತಿತು. ನಾನು ಓಡಿಹೋಗಿ ಟ್ರಾಲಿ ಹತ್ತಿದೆ. ಖಾಲಾ ಸದ್ದು ಕೇಳಿದ ಕೂಡಲೇ ಎರಡೂ ಕಾಲು ಮೇಲೆಳೆದುಕೊಂಡಿದ್ದಳು. ಒಂದು ತರಚು ಗಾಯವೂ ಆಗಿರಲಿಲ್ಲ. ಆದರೆ ಮುಂದೆ ಮಗ್ಗದ ದಿಂಡು, ಹಿಂದೆ ಹಲಗೆ, ನಡುವೆ ಅವಳು ಕದಲುವಂತಿರಲಿಲ್ಲ. ಹಿಂದೆ ಜಿಲ್ಲೆಯ ಎಲ್ಲ ಹೆಮ್ಮೆಗಳೂ ಸಾಲಾಗಿ ನಿಂತು ಹಾರ್ನ್ ಹೊಡೆಯತೊಡಗಿದವು.

ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ವೇದಿಕೆಯಿಂದ ಇಳಿದು ಬಂದರು. ಗುಹೆಯೊಳಗಿಂದ ಪಿ.ಟಿ. ಮಾಸ್ತರ ಚಾಚಿದ ಮೈಕನ್ನು ತೆಗೆದುಕೊಂಡರು.

"ಗಾಬರಿಯಾಗಬೇಡಿ ಅಮ್ಮ."

"ಗಾಬರಿ ನನಗಿಲ್ರಿ. ಟ್ರ್ಯಾಕ್ಟರಿಗೆ ಆಗೇತಿ."

ಮೈಕಿನಲ್ಲಿ ಇದು ಎಲ್ಲರಿಗೂ ಕೇಳಿತು. ಜನ ನಕ್ಕರು. ಅತಿಥಿಗಳೂ ನಕ್ಕು, ಮುಂದೇನು ಕೇಳಬೇಕೆಂದು ತೋಚದೆ, "ನಿಮ್ಮ ಹೆಸರೇನಮ್ಮ?" ಎಂದು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

ಖಾಲಾ ಅವಸರ ಮಾಡಲಿಲ್ಲ. ಸೆರಗು ಸರಿಪಡಿಸಿಕೊಂಡಳು. ಗಂಟಲು ಸರಿ ಮಾಡಿಕೊಂಡಳು. ಆಮೇಲೆ ತನ್ನ ಹೆಸರು ಹೇಳಿದಳು. ತನ್ನ ತಂದೆಯ ಹೆಸರು ಹೇಳಿದಳು. ನೇಯ್ಗೆ ಕಲಿಸಿದ ತಾಯಿಯ ಹೆಸರು, ಓಣಿಯ ಹೆಸರು, ಊರಿನ ಹೆಸರು ಹೇಳಿದಳು. ಮನೆಯಲ್ಲಿ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುವ ಗಂಡನ ಹೆಸರನ್ನೂ ಬಿಡಲಿಲ್ಲ. ಕಂಬಕಂಬಕ್ಕೆ ಕಟ್ಟಿದ್ದ ಸ್ಪೀಕರುಗಳಲ್ಲಿ ಆ ಹೆಸರುಗಳು ಒಂದೊಂದಾಗಿ ನವನಗರದ ನಂಬರುಗಳ ಮೇಲೆಲ್ಲ ಹರಿದು ಹೋದವು. ನನಗೆ ಕಣ್ಣು ತುಂಬಿ ಬಂತು. ಹೆಡ್‌ಮಾಸ್ತರರು ನೆಲಕ್ಕೆ ಬಿದ್ದ ಥರ್ಮಾಕೋಲಿನ ಚೂರುಗಳನ್ನು ಆರಿಸುತ್ತಿದ್ದರು.

ಅತಿಥಿಗಳ ಹುಬ್ಬು ಮೇಲೆ ಹೋಯಿತು. ಆ ಹುಬ್ಬು ನನಗೆ ಎಷ್ಟೋ ನವೆಂಬರುಗಳಿಂದ ಗೊತ್ತು. ಮುಂದಿನ ಮಾತೂ ಗೊತ್ತು.

"ಅಬ್ಬಾ! ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಮ್ಮ ನೀವು!"

ಚಪ್ಪಾಳೆ ಬಿದ್ದವು. ಖಾಲಾ ಚಪ್ಪಾಳೆ ಮುಗಿಯುವವರೆಗೆ ಕಾದಳು.

"ನಿಮ್ಮದೂ ಛಲೋ ಐತ್ರಿ," ಎಂದಳು. "ಭಾಳಷ್ಟು ತಿಳೀತು ನನಗ."

ರಸ್ತೆಯ ಬದಿಯಲ್ಲಿ ನಿಂತಿದ್ದ ಹೆಂಗಸರು ಎಷ್ಟು ನಕ್ಕರೆಂದರೆ, ಯಾವುದೋ ಮಗು ಹೆದರಿ ಅಳತೊಡಗಿತು. ಅತಿಥಿಗಳೂ ನಕ್ಕರು, ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಅವರು ವೇದಿಕೆಗೆ ಮರಳಿ ಮಾಡಿದ ಭಾಷಣದಲ್ಲಿ ಅವಳನ್ನು ಮೂರು ನಾಲ್ಕು ಸಲ ನೆನೆದರೂ, ಪ್ರತಿ ಸಲವೂ "ಆ ತಾಯಿ" ಎಂದೇ ಹೇಳಿದರು. ಅಷ್ಟರಲ್ಲಿ ವೆಲ್ಡಿಂಗಿನವನು ಬಂದು ಡಬ್ಬಿ ಕತ್ತರಿಸಿ ತೆಗೆದ. ಖಾಲಾ ಟ್ರಾಲಿಯಿಂದ ಇಳಿದು, ನೇಯ್ದಿದ್ದ ಚೋಟುದ್ದದ ಕೆಂಪು ಸೆರಗಿನ ಮೇಲಿನ ಧೂಳು ಕೊಡವಿದಳು.

ಮರುದಿನ ಪೇಪರಿನಲ್ಲಿ ಫೋಟೊ ಬಂತು. ಗುಹೆ ಬೀಳುವುದಕ್ಕೆ ಮೊದಲಿನದು. ಹೆಡ್‌ಮಾಸ್ತರರು ಚೆನ್ನಾಗಿ ಬಂದಿದ್ದರು, ಟ್ರಾಲಿ ಮಾಲಕರ ಹೆಸರು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಖಾಲಾಳ ಎಡಗೈ ಮತ್ತು ಅರ್ಧ ಮುಖ ಇದ್ದವು. ಅಡಿಯಲ್ಲಿ 'ಗಮನ ಸೆಳೆದ ಇಳಕಲ್ ನೇಕಾರ ಮಹಿಳೆ' ಎಂದಿತ್ತು.

ಆ ಪೇಪರ್ ಹಿಡಿದುಕೊಂಡು ನಾನು ರವಿವಾರ ಇಳಕಲ್ಲಿಗೆ ಹೋದೆ. ಮಗ್ಗ ಮತ್ತೆ ತನ್ನ ಜಾಗದಲ್ಲಿ ಕೂತಿತ್ತು, ಖಾಲಾಳ ಕಾಲು ಮತ್ತೆ ನೆಲದ ಕುಣಿಯಲ್ಲಿದ್ದವು. ಅವಳು ಫೋಟೊ ನೋಡಿ, ಪೇಪರನ್ನು ಮಡಚಿ, ಗಂಡನಿಗೆ ಕಂಡಿಕೆಯ ಬುಟ್ಟಿಯಡಿ ಹಾಸಿಕೊಳ್ಳಲು ಕೊಟ್ಟಳು. ನಾನು ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ಇದನ್ನೆಲ್ಲ ನಾನೇ ಬರೆಯುತ್ತೇನೆ, ನಿನ್ನ ಹೆಸರನ್ನು ಮೊದಲ ಸಾಲಿನಲ್ಲೇ ಹಾಕುತ್ತೇನೆ ಎಂದೆ.

"ಬರಿ. ಹೆಸರ ಬ್ಯಾಡ."

"ಯಾಕ ಖಾಲಾ? ಅದನ್ನ ಕೇಳಿದ್ದಿಯಲ್ಲ ನೀ?"

"ಕೇಳಿದ್ದೆ. ಅವರು ಕೊಡಲಿಲ್ಲ. ಆಮ್ಯಾಲ ನನ್ನ ಹೆಸರ ನನ್ನ ಬಾಯಿಲೆ ನಾನಾ ಹೇಳೇನಿ, ಮಂದಿ ಕೇಳೇತಿ. ಈಗ ನೀ ಬರದ್ರ ನೀ ಕೊಟ್ಟಂಗ ಆಗತೈತಿ. ಯಾರೂ ಕೊಡೋದು ಬ್ಯಾಡ. ಹೆಸರ ಬೇಕಾದವರು ಇಳಕಲ್ಲಿಗೆ ಬರ್ಲಿ, ಬಾಗಲಾ ತಗದಿರತೈತಿ. ಎದುರಿಗೆ ನಿಂತು ಕೇಳ್ಲಿ, ಹೇಳ್ತೇನಿ."

ಅವಳು ಲಾಳಿ ಎತ್ತಿಕೊಂಡಳು. ಒಂದೆರಡು ಸಲ ಎಸೆದು, ಏನೋ ನೆನಪಾದಂತೆ ತಡೆದಳು.

"ಬರೋವಾಗ ಮಷೀನ್ ಸೀರಿ ಉಟಗೊಂಡು ಬರಬ್ಯಾಡ್ರಿ ಅಂತ ಬರಿ. ಅದನ್ನಷ್ಟ ದೊಡ್ಡ ಅಕ್ಷರದಾಗ ಬರಿ."

ಬರೆದಿದ್ದೇನೆ.